ವನಜಮ್ಮನ ಮೂಗು ಕಟ್ಟಿದ್ದು

ಸೋಮವಾರಪೇಟೆಯ ಸುತ್ತಮುತ್ತ ಯಾರಾದರೂ ಹಳೆಯ ಕಾರು ಕೊಂಡರೆ ಜನ ಅದರ ಮೈಲೇಜು ಕೇಳುವುದಿಲ್ಲ, ಎಷ್ಟಕ್ಕೆ ಬಂತೆಂದೂ ಕೇಳುವುದಿಲ್ಲ. "ವನಜಮ್ಮ ನೋಡಿದ್ರಾ?" ಎಂದು ಕೇಳುತ್ತಾರೆ. ನೋಡಿದ್ದಾರೆ ಎಂದರೆ ಮಾತು ಅಲ್ಲಿಗೆ ಮುಗಿಯಿತು, ಕಾಫಿ ಬರುತ್ತದೆ. ನೋಡಿಲ್ಲ ಎಂದರೆ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂಬ ಸುದ್ದಿ ಕೇಳಿದವರ ಹಾಗೆ ದನಿ ತಗ್ಗಿಸಿ, "ಹೋಗ್ಲಿ ಬಿಡಿ, ಒಳ್ಳೇದಾಗ್ಲಿ" ಎನ್ನುತ್ತಾರೆ. ನನಗೆ ಈ ಎರಡನೆಯ ಮಾತನ್ನು ಊರಿನ ಅರ್ಧ ಜನ ಹೇಳಿ ಮುಗಿಸಿದ್ದಾರೆ. ಉಳಿದರ್ಧ ಜನ ನನ್ನ ಕಾರನ್ನು ನೋಡಿ ಸುಮ್ಮನಾಗಿದ್ದಾರೆ.

ವನಜಮ್ಮ ಮೆಕ್ಯಾನಿಕ್ ಅಲ್ಲ. ಬೆಳ್ಯಪ್ಪನವರ ಕಾಫಿ ಎಸ್ಟೇಟಿನಲ್ಲಿ ಜೀಪು ಓಡಿಸುವವರು. ನಾನು ಅದೇ ಎಸ್ಟೇಟಿನ ರೈಟರ್. ಕೆಲಸಕ್ಕೆ ಬಂದವರ ಹಾಜರಿ ಬರೆಯುವುದು, ಕಾಫಿಹಣ್ಣು ಕೊಯ್ಯುವ ಪಿಕ್ಕಿಂಗ್ ಸಮಯದಲ್ಲಿ ಮೂಟೆ ತೂಗಿಸುವುದು, ಮಿಕ್ಕ ಸಮಯದಲ್ಲಿ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಏನೋ ಘನವಾದ ಕೆಲಸವಿರುವವನ ಹಾಗೆ ಓಡಾಡುವುದು ನನ್ನ ಉದ್ಯೋಗ.

ಜೀಪು ಮೊದಲು ವನಜಮ್ಮನ ಗಂಡ ಚಂದ್ರುವಿನ ಕೈಯಲ್ಲಿತ್ತು. ಒಂದು ವರ್ಷ ಪಿಕ್ಕಿಂಗ್ ಜೋರಾಗಿರುವಾಗ ಆತ ಮೂಟೆ ಏರಿಸಲು ಹೋಗಿ ಬೆನ್ನು ಹಿಡಿದುಕೊಂಡು ಕೂತುಬಿಟ್ಟ. ಹಣ್ಣು ತುಂಬಿದ ಜೀಪು ಇಳಿಜಾರಿನ ನಡುವೆ ನಿಂತಿತ್ತು. ಅದನ್ನು ಕಣಕ್ಕೆ ಇಳಿಸುವವರಿರಲಿಲ್ಲ. ಗಂಡನಿಗೆ ಊಟ ತಂದಿದ್ದ ವನಜಮ್ಮ ಬುತ್ತಿಯನ್ನು ಆತನ ಕೈಗೆ ಕೊಟ್ಟು, "ಪಕ್ಕದಲ್ಲಿ ಕೂತು ನೋಡಿದ್ದು ಸಾಕು" ಎಂದು ಸೆರಗು ಸಿಕ್ಕಿಸಿ ಹತ್ತಿದರು. ಬೈಯಲೆಂದೇ ಓಡಿಬಂದ ಬೆಳ್ಯಪ್ಪನವರು ಕಣ ಮುಟ್ಟುವಷ್ಟರಲ್ಲಿ ಜೀಪು ಅವರಿಗಿಂತ ಮೊದಲೇ ಮುಟ್ಟಿತ್ತು. ಒಂದು ಮೂಟೆಯೂ ಉರುಳಿರಲಿಲ್ಲ. ಬೈಗುಳವನ್ನು ನುಂಗಿಕೊಂಡು, "ನಾಳೆಯಿಂದ ನೀನೇ ಬಾ" ಎಂದರು. ಲೈಸೆನ್ಸ್ ಆಮೇಲೆ ಬಂತು. ಈ ಕಥೆಯನ್ನು ವನಜಮ್ಮ ಎಲ್ಲರ ಹತ್ತಿರವೂ ಹೆಮ್ಮೆಯಿಂದ ಹೇಳುತ್ತಾರೆ. ಒಮ್ಮೆ ಲೈಸೆನ್ಸ್ ಕೊಡುವ ಸಾಹೇಬರ ಹತ್ತಿರವೇ ಹೇಳಲು ಹೊರಟಾಗ ಚಂದ್ರು ಕೆಮ್ಮಿ ಕೆಮ್ಮಿ ನಿಲ್ಲಿಸಬೇಕಾಯಿತು.

ವಿನಯವೆಂಬುದು ವನಜಮ್ಮನಿಗೆ ಅಭ್ಯಾಸವಾಗಲೇ ಇಲ್ಲ. ಅಭ್ಯಾಸ ಮಾಡಿಕೊಳ್ಳುವ ಸಂದರ್ಭವೂ ಬರಲಿಲ್ಲ. "ಮನುಷ್ಯರು ನನ್ನತ್ರ ಸುಳ್ಳು ಹೇಳ್ತಾರೆ ರೈಟ್ರೇ. ಗಾಡಿಗಳು ಹೇಳಲ್ಲ. ಹೆದರ್ತವೆ" ಎನ್ನುತ್ತಾರೆ.

ಗಾಡಿಗಳು ಹೆದರುತ್ತವೋ ಇಲ್ಲವೋ, ಮಾರುವವರಂತೂ ಹೆದರುತ್ತಾರೆ. ಒಂಬತ್ತಕ್ಕೆ ಬನ್ನಿ ಎಂದರೆ ವನಜಮ್ಮ ಏಳಕ್ಕೇ ಹೋಗಿ ಗೇಟಿನಲ್ಲಿ ನಿಂತಿರುತ್ತಾರೆ. ಮೊದಲು ಬಾನೆಟ್ ಮೇಲೆ ಅಂಗೈ ಇಡುವುದು, ಜ್ವರ ನೋಡುವ ಹಾಗೆ. ಬೆಚ್ಚಗಿದ್ದರೆ, "ಯಾರೋ ಮೊದ್ಲೇ ಎಬ್ಬಿಸಿ ಮುಖ ತೊಳ್ಸಿದ್ದಾರೆ" ಎಂದು ವಾಪಸು ಹೊರಡುತ್ತಾರೆ, ಏಕೆಂದರೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮಾತ್ರ ಇಂಜಿನ್ನಿನ ನಿಜವಾದ ಕೆಮ್ಮು ಕೇಳುವುದು. ಆಮೇಲೆ ಪರ್ಸಿನಿಂದ ಮಾವಿನಹಣ್ಣಿನ ಆಕಾರದ ಒಂದು ಮ್ಯಾಗ್ನೆಟ್ ಬರುತ್ತದೆ. ಅದು ಅವರ ಮನೆಯ ಫ್ರಿಜ್ಜಿನದು. ಅದನ್ನು ಬಾಗಿಲಿನಿಂದ ಬಾಗಿಲಿಗೆ ಅಂಟಿಸುತ್ತ ಹೋಗುತ್ತಾರೆ. ಮಾವಿನಹಣ್ಣು ಎಲ್ಲಿ ಹಿಡಿಯದೆ ಕೆಳಗೆ ಬಿತ್ತೋ ಅಲ್ಲಿ ಬಣ್ಣದಡಿ ತಗಡಿಲ್ಲ, ಪುಟ್ಟಿ ಮೆತ್ತಿದ್ದಾರೆ ಎಂದು ಲೆಕ್ಕ. ಕೊನೆಗೆ ಒಂದು ಏರು. ಏರಿನ ನಟ್ಟನಡುವೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮತ್ತೆ ಎತ್ತುತ್ತಾರೆ. ಪಕ್ಕದಲ್ಲಿ ಕೂತ ಮಾಲೀಕ ದೇವರನ್ನು ನೆನೆಯುವುದು ಆಗಲೇ.

ಇಷ್ಟನ್ನು ಮೈಸೂರಿನಲ್ಲೂ ಯಾರಾದರೂ ಮಾಡಿಯಾರು. ಆದರೆ ನಮ್ಮ ಕಡೆಯ ಜನ ಹಳೆಯ ಕಾರು ಕೊಳ್ಳುವಾಗ ಮಾಡುವ ಒಂದು ತಪ್ಪನ್ನು ಬಯಲುಸೀಮೆಯವರು ಬೇಕೆಂದರೂ ಮಾಡಲಾರರು. ಹೊಳೆ ನೀರಲ್ಲಿ ಮುಳುಗಿ ಎದ್ದ ಕಾರಿನ ಬಾಗಿಲು ತೆಗೆದರೆ ಮೈಸೂರಿನವರಿಗೆ ಬೂಷ್ಟಿನ ವಾಸನೆ ಹೊಡೆಯುತ್ತದೆ, ಮೂಗು ಮುಚ್ಚಿಕೊಂಡು ಹೊರಟುಹೋಗುತ್ತಾರೆ. ನಮಗೆ ಮಳೆಗಾಲದಲ್ಲಿ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಮದುವೆಯ ಕೋಟಿಗೆ ಬೂಷ್ಟು, ಗಾಜಿನೊಳಗಿನ ದೇವರ ಫೋಟೋಕ್ಕೂ ಬೂಷ್ಟು. ಅದು ನಮಗೆ ಮನೆಯದೇ ವಾಸನೆ. ಕಾರಿನ ಬಾಗಿಲು ತೆಗೆದು, ಉಸಿರೆಳೆದು, "ಪರವಾಗಿಲ್ಲ, ನಮ್ಮದೇ ಗಾಡಿ ಇದ್ದಂಗಿದೆ" ಎಂದು ಮುಂಗಡ ಕೊಟ್ಟು ಬರುತ್ತೇವೆ. ನಾನು ಹೀಗೆಯೇ ಕೊಟ್ಟು ಬಂದದ್ದು. ವನಜಮ್ಮನಿಗೆ ಹೇಳದೆ, ಅವರನ್ನು ಬೆರಗುಗೊಳಿಸಬೇಕೆಂದು ಗುಟ್ಟಾಗಿ ಕೊಂಡೆ. ಅವರು ಬೆರಗಾದರು. ಹಾರ್ನ್ ಒತ್ತಿದರೆ ವೈಪರ್ ಆಡುತ್ತಿತ್ತು, ಹೆಡ್‌ಲೈಟಿನೊಳಗೆ ಅರ್ಧದವರೆಗೆ ನೀರು ತುಳುಕುತ್ತಿತ್ತು. ಬಗ್ಗಿ ನೋಡಿ, "ಮೀನು ಬಿಟ್ಕೊಳ್ಳಿ ರೈಟ್ರೇ" ಎಂದರು. ಅಂದಿನಿಂದ ನಾನು ಅವರ ಹಿಂದೆ ಟಾರ್ಚ್ ಹಿಡಿದು ಹೋಗುವ ಶಿಷ್ಯ.

ಈ ತಪ್ಪಿಗೆ ವನಜಮ್ಮ ಕಂಡುಕೊಂಡ ಮದ್ದು ಅವರ ಅಡುಗೆಮನೆಯಲ್ಲಿದೆ. ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆ ಒಣಗಬೇಕಾದರೆ ಕೆಂಡದ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಹರವಬೇಕು. ವನಜಮ್ಮನ ಬುಟ್ಟಿಯ ಮೇಲೆ ಚಂದ್ರುವಿನ ಬನಿಯನ್ನಿನ ಪಕ್ಕದಲ್ಲಿ ಯಾವುದೋ ಊರಿನ ಯಾವುದೋ ಕಾರಿನ ಡಿಕ್ಕಿಯ ಹಾಸು ಇರುತ್ತದೆ. "ಕಾಲಡಿಯ ಮ್ಯಾಟು ಹೊಸದು ಹಾಕ್ತಾರೆ, ಸೀಟಿಗೆ ಹೊಸ ಕವರ್ ಹಾಕ್ತಾರೆ. ಸ್ಟೆಪ್ನಿ ಟಯರ್ ಮುಚ್ಚೋ ಹಾಸನ್ನ ಯಾರು ಬದಲಾಯಿಸ್ತಾರೆ? ಅದು ನೆನಪಾಗೋದೇ ಪಂಚರ್ ಆದಾಗ" ಎಂಬುದು ಅವರ ವಾದ. ತಣ್ಣಗಿರುವಾಗ ಎಲ್ಲ ವಾಸನೆಯೂ ಒಂದೇ. ಕೆಂಡದ ಬಿಸಿ ತಾಗಿದರೆ ಬೇರೆಬೇರೆಯಾಗುತ್ತದೆ. ಬರೀ ಮಳೆಗಾಲದ ಬೂಷ್ಟಾದರೆ ಬಟ್ಟೆಯಿಡುವ ಹಳೆಯ ಬೀರುವಿನ ವಾಸನೆ, ಹೊಳೆ ಹೊಕ್ಕ ಕಾರಾದರೆ ನಾಟಿಗೆ ಉತ್ತ ಗದ್ದೆಯ ವಾಸನೆ. "ಬೀರು ಅಂದ್ರೆ ತಗೋ, ಗದ್ದೆ ಅಂದ್ರೆ ಬಿಡು" ಎಂದು ತೀರ್ಪು. ಸಂಪಾಜೆಯಿಂದ ಹಾಸು ಹೊತ್ತು ತಂದವರಿದ್ದಾರೆ. ವ್ಯಾಪಾರಿಗಳೂ ಈಗ ಕೇಳಿದರೆ ಗೊಣಗದೆ ಬಿಚ್ಚಿಕೊಡುತ್ತಾರೆ.

ಹೀಗೆ ತಾಲ್ಲೂಕಿಗೆಲ್ಲ ಕಾರು ಆರಿಸಿಕೊಟ್ಟ ವನಜಮ್ಮನಿಗೆ ಸ್ವಂತದ್ದೊಂದು ಸೈಕಲ್ಲೂ ಇರಲಿಲ್ಲ. ಈ ಮಳೆಗಾಲದ ಆರಂಭದಲ್ಲಿ ಒಂದು ದಿನ ಹಾಜರಿ ಹಾಕಿಸಿಕೊಂಡು, "ರೈಟ್ರೇ, ಬೇರೆಯವರ ಬೀಗದಕೈ ತಿರುಗಿಸಿ ತಿರುಗಿಸಿ ಬೆರಳು ಸವೆದೋಯ್ತು. ನನ್ ಹೆಸರಿನ ಆರ್‌ಸಿ ಒಂದು ನೋಡ್ಬೇಕು" ಎಂದರು. ಕಾರು ಕೊಂಡು ಬಾಡಿಗೆಗೆ ಓಡಿಸುವುದು, ಸಂತೆಗೆ ಹೋಗುವವರನ್ನು, ಆಸ್ಪತ್ರೆಗೆ ಹೋಗುವವರನ್ನು, ಹೋಮ್‌ಸ್ಟೇಗೆ ಬರುವವರನ್ನು ಕರೆದುಕೊಂಡು ಹೋಗುವುದು ಅವರ ಯೋಚನೆ. ಕೂಡಿಟ್ಟದ್ದು ಒಂದೇ ಕಾರಿಗೆ ಆಗುವಷ್ಟು. ಅದು ಕೈಕೊಟ್ಟರೆ ಇನ್ನೊಂದಿಲ್ಲ, ಮತ್ತೆ ಜೀಪೇ ಗತಿ.

ಕುಶಾಲನಗರಕ್ಕೆ ನನ್ನ ಕಾರಿನಲ್ಲೇ ಹೋದೆವು. ತಿರುವಿನಲ್ಲಿ ಹಾರ್ನ್ ಒತ್ತಿದಾಗಲೆಲ್ಲ ವೈಪರ್ ಆಡಿತು. ಹೇಗೂ ಮಳೆ ಬರುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಹಳೆಯ ಗಾಡಿಗಳ ವ್ಯಾಪಾರಿ ಶಿವಪ್ರಕಾಶ್ ಹಾಸನದ ಕಡೆಯಿಂದ ಬಂದು ನೆಲೆಸಿದ ರೈತರ ಮಗ. ಅಪ್ಪ ಶುಂಠಿ ಬೆಳೆದರು, ಮಗ ಕಾರು ಮಾರುತ್ತಾನೆ. ವನಜಮ್ಮ ಗೇಟಿನಲ್ಲಿ ಕಂಡರೆ ಅವನ ಮುಖ ಪರೀಕ್ಷೆಗೆ ಓದದವನದ್ದಾಗುತ್ತದೆ. ಅಂದೂ ಹಾಗೆಯೇ ಆಯಿತು. ಆದರೆ ವನಜಮ್ಮ ಅವನ ಕಡೆ ನೋಡಲೇ ಇಲ್ಲ. ಶೀಟು ಹೊದಿಸಿದ ಚಪ್ಪರದ ಕೆಳಗೆ ಒಂದು ಬಿಳಿ ಕಾರು ನಿಂತಿತ್ತು. ಹಾಲಿನಂಥ ಬಿಳುಪು. ಅವರ ನಡಿಗೆ ನಿಧಾನವಾಯಿತು. ಬಾನೆಟ್ ಮುಟ್ಟಲಿಲ್ಲ. ನೇರ ಹೋಗಿ ಡ್ರೈವರ್ ಸೀಟಿನಲ್ಲಿ ಕೂತು, ಕನ್ನಡಿ ಸರಿಮಾಡಿಕೊಂಡು, ಆ ಕನ್ನಡಿಯಲ್ಲಿ ಸೆರಗು ಸರಿಮಾಡಿಕೊಂಡರು.

"ಅಕ್ಕ, ಬಾನೆಟ್ ತೆಗೀಲಾ?" ಎಂದ ಶಿವಪ್ರಕಾಶ್.

"ಬೇಡ ಬಿಡು."

"ಮ್ಯಾಗ್ನೆಟ್ ತಂದಿಲ್ವಾ?"

"ಮನೇಲಿ ಬಿಟ್ಟು ಬಂದೆ."

"ಏರಿಗೆ ಹೋಗಿ ಬರ್ತೀರಾ?"

"ಇಷ್ಟು ಬೆಳ್ಳಗಿದೆ, ಮಳೇಲಿ ಯಾಕೆ ಕೆಸರು ಮಾಡೋದು?"

ಶಿವಪ್ರಕಾಶ್ ನನ್ನನ್ನು ಪಕ್ಕಕ್ಕೆ ಕರೆದು, ನಿಜವಾದ ಕಾಳಜಿಯಿಂದ, "ಏನ್ ರೈಟ್ರೇ, ಅಕ್ಕನಿಗೆ ಮೈಗೆ ಹುಷಾರಿಲ್ವಾ?" ಎಂದು ಕೇಳಿದ. ಬೈಸಿಕೊಳ್ಳಲು ಸಿದ್ಧನಾಗಿದ್ದವನಿಗೆ ಬೈಗುಳ ಸಿಗದೆ ಕೈಕಾಲು ಆಡುತ್ತಿರಲಿಲ್ಲ.

ಕೊನೆಗೆ ನಾನೇ ಡಿಕ್ಕಿಯ ಹಾಸು ಕೇಳಿದೆ. "ತಗೊಳ್ಳಿ, ಶಾಸ್ತ್ರಕ್ಕೆ" ಎಂದರು ವನಜಮ್ಮ, ಸ್ಟೀರಿಂಗ್ ಬಿಡದೆ. ಹೊರಗೆ ಬಂದಾಗ ರಸ್ತೆಯಾಚೆಯ ತಳ್ಳುಗಾಡಿಯಲ್ಲಿ ಬೋಂಡ ಕರಿಯುತ್ತಿದ್ದರು. ವನಜಮ್ಮ ರಸ್ತೆಯ ಈಚೆಯಿಂದಲೇ, "ತಿನ್ಬೇಡಿ ರೈಟ್ರೇ, ಎಣ್ಣೆ ನಿನ್ನೇದು" ಎಂದರು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಸಂಜೆ ಅವರ ಮನೆಯಲ್ಲಿ ಚಂದ್ರು ಕೆಂಡ ಮಾಡಿ ಬುಟ್ಟಿ ಬೋರಲು ಹಾಕಿ ಹಾಸು ಹರವಿದ. ಬೆನ್ನು ಹೋದಾಗಿನಿಂದ ಅಡುಗೆಮನೆ ಆತನದ್ದೇ. ವನಜಮ್ಮ ಹೊರಗಿನ ಕೋಣೆಯಲ್ಲಿ ಕೂತು, ಕಾರಿನ ಹಿಂದಿನ ಗಾಜಿಗೆ ಹೆಸರು ಬರೆಸುವುದಾದರೆ ಕೆಂಪಿನಲ್ಲೋ ನೀಲಿಯಲ್ಲೋ ಎಂದು ತಮ್ಮಷ್ಟಕ್ಕೆ ಚರ್ಚಿಸುತ್ತಿದ್ದರು.

"ವನಜಕ್ಕ, ಬಿಸಿ ತಾಗ್ತಾ ಇದೆ, ಬನ್ನಿ" ಎಂದೆ.

"ನೀವೇ ನೋಡಿ. ನಂಗೆ ನೆಗಡಿ, ಮೂಗು ಕಟ್ಟಿದೆ."

ಬೆಳಗಿನಿಂದ ಅವರು ಒಂದು ಸೀನೂ ಸೀನಿರಲಿಲ್ಲ. ರಸ್ತೆಯಾಚೆಯ ಬಾಣಲೆಯಲ್ಲಿದ್ದ ಎಣ್ಣೆಯ ವಯಸ್ಸು ಹೇಳಿದ ಮೂಗು ಅದು. ಚಂದ್ರು ನನ್ನ ಮುಖ ನೋಡಿದ. ನಾನು ಕೆಂಡದ ಮುಖ ನೋಡಿದೆ. ಆಗ ನನಗೆ ಅರ್ಥವಾಯಿತು: ವನಜಮ್ಮನಿಗೆ ಆ ಕಾರನ್ನು ನೋಡುವುದು ಬೇಕಿರಲಿಲ್ಲ, ಕೊಳ್ಳುವುದು ಮಾತ್ರ ಬೇಕಿತ್ತು. ಬೇರೆಯವರ ಕಾರಿಗೆ ಇಟ್ಟ ಮೂಗನ್ನು ಸ್ವಂತದ್ದಕ್ಕೆ ಇಡಲು ಧೈರ್ಯ ಸಾಲಲಿಲ್ಲ.

ಹಾಸಿನಿಂದ ಹಬೆ ಎದ್ದಿತು. ಬಗ್ಗಿ ಉಸಿರೆಳೆದೆ. ಇನ್ನೊಮ್ಮೆ ಎಳೆದೆ. ನನ್ನ ಮೂಗಿನ ಮೇಲೆ ನನಗೆ ಎಂದೂ ಭರವಸೆ ಇದ್ದದ್ದಿಲ್ಲ. ಆದರೂ ಆ ವಾಸನೆಯಲ್ಲಿ ನನಗೆ ಉಳುವ ಎತ್ತು ಕಾಣುವುದೊಂದೇ ಬಾಕಿ. 'ಬೀರು' ಎಂದು ಒಂದು ಮಾತು ಹೇಳಿದ್ದರೆ ಆ ರಾತ್ರಿ ನನಗೆ ಕಡುಬೂ ಕೋಳಿಸಾರೂ ಸಿಗುತ್ತಿತ್ತು. ಬಾಗಿಲಲ್ಲಿ ವನಜಮ್ಮ ಬಂದು ನಿಂತಿದ್ದರು.

"ಗದ್ದೆ" ಎಂದೆ.

"ಏನು?"

"ಗದ್ದೆ ವನಜಕ್ಕ. ನೀರು ಕುಡಿದ ಗಾಡಿ."

"ನಿಮಗೇನ್ರೀ ಗೊತ್ತು? ಆ ಮೀನಿನ ತೊಟ್ಟೀಲಿ ಕೂತು ಕೂತು ನಿಮ್ ಮೂಗೇ ಗದ್ದೆ ಆಗಿದೆ! ಯಾರೋ ಕೆಸರಲ್ಲಿ ಟಯರ್ ಬದಲಾಯಿಸಿ ಹಾಗೇ ಮಡಗಿರ್ತಾರೆ. ಇಲ್ಲಾಂದ್ರೆ ಡಿಕ್ಕೀಲಿ ಸಸಿ ತಂದಿರ್ತಾರೆ. ನೋಡಿದ್ರೆ ಗೊತ್ತಾಗಲ್ವಾ, ಮನೆಯವರು ಜೋಪಾನವಾಗಿ ಇಟ್ಕೊಂಡಿದ್ದ ಗಾಡಿ!"

"ನೆಗಡಿ ವಾಸಿ ಆದಂಗಿದೆ, ಗಂಟಲು ಜೋರಾಗಿದೆ" ಎಂದ ಚಂದ್ರು. ಆಮೇಲೆ ಕೆಂಡ ಕೆದಕುತ್ತ, ಮೆಲ್ಲಗೆ, "ಸಂಪಾಜೆಯವನು ಇದೇ ಮಾತು ಹೇಳಿದ್ದ ಅಲ್ವಾ ವನಜ? ಡಿಕ್ಕೀಲಿ ಸಸಿ ತಂದಿದ್ರು ಅಂತ. ನೀನು ಅವನ ದನೀಲೇ ಹೇಳಿ ಹೇಳಿ ನಮ್ಮನ್ನ ನಗಿಸಿದ್ದೆ" ಎಂದ.

ವನಜಮ್ಮ ಬಾಗಿಲಿನಿಂದ ತಿರುಗಿ ಒಳಕೋಣೆಗೆ ಹೋದರು. ನಾನು ಕೊಡೆ ಬಿಡಿಸಿಕೊಂಡು ಮನೆಗೆ ಬಂದೆ. ಕಡುಬಿನ ಪರಿಮಳ ಬೇಲಿಯ ತನಕ ಬೀಳ್ಕೊಟ್ಟಿತು.

ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವಾಗ ಅವರು ನನ್ನ ಕಾರಿನ ಪಕ್ಕದಲ್ಲಿ ನಿಂತಿದ್ದರು, ಕಂಕುಳಲ್ಲಿ ಹಾಸಿನ ಸುರುಳಿ. "ಬೀಗದಕೈ ಕೊಡಿ" ಎಂದರು. ತಾವೇ ಓಡಿಸಿದರು. ಕುಶಾಲನಗರದ ತನಕ ಒಂದು ಹಾರ್ನ್ ಒತ್ತಲಿಲ್ಲ. ಎದುರಿನ ಲಾರಿಯವರೂ ಅವರ ಮುಖ ನೋಡಿ ದಾರಿ ಬಿಟ್ಟರು.

ಶಿವಪ್ರಕಾಶ್ ಅಂಗಡಿ ಆಗಷ್ಟೇ ತೆರೆಯುತ್ತಿದ್ದ. ವನಜಮ್ಮ ಬಿಳಿ ಕಾರಿನೊಳಗೆ ಕೂತು ಡ್ರೈವರ್ ಸೀಟಿನ ಬೆಲ್ಟ್ ಹಿಡಿದು ಎಳೆದರು. ಯಾರೂ ಬೆಲ್ಟನ್ನು ಪೂರ್ತಿ ಎಳೆಯುವುದಿಲ್ಲ, ಹೊಟ್ಟೆಗೆ ಬೇಕಾದಷ್ಟು ಎಳೆದು ಸಿಕ್ಕಿಸುತ್ತೇವೆ. ತೊಳೆಯುವವರೂ ಅಷ್ಟನ್ನೇ ತೊಳೆಯುತ್ತಾರೆ. ಅವರು ಎಳೆಯುತ್ತಲೇ ಹೋದರು. ಕಪ್ಪಗೆ ಮಿರಮಿರ ಮಿಂಚುತ್ತ ಬಂತು, ಬಂತು, ಇನ್ನು ಬರುವುದಿಲ್ಲ ಎನ್ನುವಲ್ಲಿ ಬಣ್ಣ ಬದಲಾಯಿತು. ಕೊನೆಯ ಗೇಣಿನಲ್ಲಿ ಕಂದು ಗೆರೆ, ಗೆರೆಯ ಆಚೆ ಒಣಗಿದ ನುಣ್ಣನೆಯ ಮಣ್ಣು. ಹೊಳೆ ಎಲ್ಲಿಯ ತನಕ ಬಂದಿತ್ತೆಂದು ತಾನೇ ಗೆರೆ ಎಳೆದು ಹೋಗಿತ್ತು.

ಬೆರಳಲ್ಲಿ ಆ ಮಣ್ಣನ್ನು ತಿಕ್ಕಿ ಮೂಗಿನ ಹತ್ತಿರ ತಂದರು. "ನೆಗಡಿ ಹೋಯ್ತು" ಎಂದರು. ಬೆಲ್ಟನ್ನು ಕೈಬಿಟ್ಟರು. ಅದು ಸರ್ರನೆ ಒಳಗೆ ಸುತ್ತಿಕೊಂಡು ಗುಟ್ಟನ್ನು ಮುಚ್ಚಿಟ್ಟುಕೊಂಡಿತು.

ಅವರು ಅತ್ತರೆ ಏನು ಹೇಳುವುದೆಂದು ನಾನು ಒಂದೆರಡು ಸಮಾಧಾನದ ಮಾತು ಹೊಂದಿಸಿಕೊಳ್ಳುತ್ತಿದ್ದೆ. ಅಗತ್ಯ ಬೀಳಲಿಲ್ಲ. ವನಜಮ್ಮ ಕಾರಿನಿಂದ ಇಳಿದದ್ದು ಹತ್ತಿದ್ದಕ್ಕಿಂತ ಎತ್ತರವಾಗಿ.

"ಬಾರೋ ಇಲ್ಲಿ ಶಿವಪ್ರಕಾಶ!"

ಅವನು ಬೆಲ್ಟ್ ಎಳೆದು ನೋಡಿ ಬೆವರಿದ. "ಎಕ್ಸ್‌ಚೇಂಜಲ್ಲಿ ಬಂದಿದ್ದು ಅಕ್ಕ. ದೇವ್ರಾಣೆ ನಂಗೂ ಗೊತ್ತಿರ್ಲಿಲ್ಲ."

"ಈಗ ಗೊತ್ತಾಯ್ತಲ್ಲ. ಇನ್ನು ಹೇಳ್ದೆ ಯಾರಿಗಾದ್ರೂ ಕೊಟ್ಟೀಯ, ನೋಡ್ಕೊ. ಇದನ್ನ ಹಿಡಿದಿದ್ದು ಯಾರು ಗೊತ್ತಾ?" ಎಂದು ನನ್ನ ತೋಳು ಹಿಡಿದು ಮುಂದಕ್ಕೆ ಎಳೆದರು. "ಇವ್ರು! ಮೀನಿನ ಕಾರಿನ ರೈಟ್ರು! ಬೂಷ್ಟಿಗೂ ಹೊಳೆಗೂ ವ್ಯತ್ಯಾಸ ಗೊತ್ತಿಲ್ದೆ ಮುಂಗಡ ಕೊಟ್ಟು ಬಂದಿದ್ದ ಮನುಷ್ಯ! ಇಂಥವರಿಗೇ ಗೊತ್ತಾಗೋ ಹಂಗೆ ಕಲ್ಸಿದ್ದೀನಿ ಅಂದ್ರೆ ನಾನು ಎಂಥಾ ಪಾಠ ಮಾಡಿರ್ಬೇಕು ಲೆಕ್ಕ ಹಾಕು!"

ನನ್ನ ಜೀವನದಲ್ಲಿ ನನಗೆ ಸಿಕ್ಕ ಅತ್ಯಂತ ದೊಡ್ಡ ಪ್ರಶಸ್ತಿ ಅದು. ಅದರಲ್ಲಿ ನನ್ನ ಪಾಲು ಎಷ್ಟೆಂದು ನಾನಿನ್ನೂ ಲೆಕ್ಕ ಹಾಕುತ್ತಿದ್ದೇನೆ. ಆದರೂ ಎದೆ ಉಬ್ಬಿದ್ದು ಸುಳ್ಳಲ್ಲ.

ಆಮೇಲೆ ಅವರು ಅಂಗಳದ ಹಿಂದಿನ ಮೂಲೆಗೆ ನಡೆದರು. ಅಲ್ಲಿ ಬದನೆಕಾಯಿ ಬಣ್ಣದ ಒಂದು ಕಾರು ಗೋಡೆಗೆ ಮುಖ ಮಾಡಿ ನಿಂತಿತ್ತು. ಎಡಬಾಗಿಲು ತಗ್ಗಿತ್ತು. ಬಣ್ಣ ನೋಡಿದವರೆಲ್ಲ ಬೇಡ ಎಂದು ಹೋಗಿದ್ದರಂತೆ. ವನಜಮ್ಮ ಅದರ ಬಾನೆಟ್ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಪರ್ಸು ತೆಗೆದರು. ನಿನ್ನೆ ಮನೆಯಲ್ಲಿ ಬಿಟ್ಟು ಬಂದೆ ಎಂದಿದ್ದ ಮಾವಿನಹಣ್ಣು ಅದರಿಂದಲೇ ಹೊರಬಂತು. ಶಿವಪ್ರಕಾಶನ ಮುಖದಲ್ಲಿ ಹಳೆಯ ಹೆದರಿಕೆ ಮರಳಿದ್ದು ನೋಡಿ ನನಗೆ ನೆಮ್ಮದಿಯಾಯಿತು.

ತಗ್ಗಿದ ಬಾಗಿಲಿಗೂ ಮಾವಿನಹಣ್ಣು ಗಟ್ಟಿಯಾಗಿ ಕಚ್ಚಿಕೊಂಡಿತು. "ಪೆಟ್ಟು ತಿಂದಿದೆ, ಮುಚ್ಚಿಟ್ಟಿಲ್ಲ" ಎಂದರು ವನಜಮ್ಮ ಮೆಚ್ಚಿಕೊಂಡು. ಇಂಜಿನ್ ಒಮ್ಮೆ ಕೆಮ್ಮಿ ಸರಿಹೋಯಿತು. ಕುಶಾಲನಗರ ಸಪಾಟು ಊರು, ಅಲ್ಲಿ ಯಾವ ಗಾಡಿಯೂ ಮಾನವಂತ. ಹಾಗಾಗಿ ಸುಂಟಿಕೊಪ್ಪದ ಕಡೆಯ ಏರಿಗೆ ಹೋದೆವು. ನಟ್ಟನಡುವೆ ನಿಲ್ಲಿಸಿ ಮತ್ತೆ ಎತ್ತಿದರು. ಒಂದಿಂಚು ಹಿಂದೆ ಸರಿಯಲಿಲ್ಲ. ಶಿವಪ್ರಕಾಶ್ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿದ್ದ. ಎಲ್ಲ ಬೆಲ್ಟುಗಳನ್ನೂ ಬುಡದ ತನಕ ಎಳೆದದ್ದಾಯಿತು.

ಸಂಜೆ ಬುಟ್ಟಿಯ ಮೇಲೆ ಎರಡನೆಯ ಹಾಸು. ಈ ಸಲ ವನಜಮ್ಮ ನನಗಿಂತ ಮೊದಲು ಬಗ್ಗಿದರು. ಕಣ್ಣು ಮುಚ್ಚಿ ಉಸಿರೆಳೆದು ನನಗೆ ಜಾಗ ಬಿಟ್ಟರು. "ಹೂಂ, ಹೇಳಿ."

"ಬೀರು. ಜೊತೆಗೆ ಒಂಚೂರು..."

"ಶುಂಠಿ" ಎಂದರು. "ಹಿಂದಿನವನು ಶುಂಠಿ ಮೂಟೆ ಸಾಗಿಸಿದ್ದಾನೆ. ಕಾಪಿಗೆ ಒಳ್ಳೇದು."

"ಬಣ್ಣ ಮಾತ್ರ ಎಣ್ಣೆಗಾಯಿ ಮಾಡೋಣ ಅನ್ಸುತ್ತೆ" ಎಂದ ಚಂದ್ರು. ಆ ರಾತ್ರಿ ನನಗೆ ಕಡುಬು ಸಿಕ್ಕಿತು, ಮುಂಚಿನ ದಿನದ ಬಾಕಿಯೂ ಸೇರಿ.

ಈಗ ಯಾರಾದರೂ ಕಾರು ನೋಡಿಕೊಡಿ ಎಂದು ಬಂದಾಗ ತಮಗೆ ಪುರಸೊತ್ತಿಲ್ಲದಿದ್ದರೆ ವನಜಮ್ಮ ನನ್ನನ್ನು ಕಳಿಸುತ್ತಾರೆ. ಮೊನ್ನೆ ಶ್ರೀಮಂಗಲದ ಪೂವಯ್ಯ ಎಂಬವರು ಕರೆದಿದ್ದರು. ಬಸ್ಸಿನಲ್ಲಿ ಹೋದೆ. ನನ್ನ ಕಾರಿನಲ್ಲಿ ಇಳಿದಿದ್ದರೆ ನನ್ನ ಮಾತನ್ನು ಯಾರು ನಂಬುತ್ತಿದ್ದರು?

ಕಾರು ಕೊಂಡು ತಮ್ಮ ಹೆಸರಿಗೆ ಆರ್‌ಸಿ ಬಂದ ದಿನ ವನಜಮ್ಮ ಅದನ್ನು ಸಂತೆಯಲ್ಲಿ ತರಕಾರಿಯವರಿಗೂ ತೋರಿಸಿದರು. ಮರುದಿನ ಬೆಳಿಗ್ಗೆ ಬದನೆಕಾಯಿ ಕಾರು ಎಸ್ಟೇಟ್ ಗೇಟಿಗೆ ಬಂದು ನಿಂತಿತು. ಹಿಂದಿನ ಗಾಜಿನ ಮೇಲೆ ಕೆಂಪು ಅಕ್ಷರದಲ್ಲಿ 'ವನಜಮ್ಮ' ಎಂದಷ್ಟೇ ಇತ್ತು. ಮೊದಲ ಬಾಡಿಗೆ ತಮ್ಮದೇ ಆಗಬೇಕೆಂದು ಹಟ ಹಿಡಿದ ಬೆಳ್ಯಪ್ಪನವರು ಮಡಿಕೇರಿಗೆ ಹೊರಟಿದ್ದರು. ತೋಟ ಸುತ್ತಿ ಬಂದವರು, ಜೀಪಿಗೆ ಹತ್ತುವ ಅಭ್ಯಾಸಬಲದಿಂದ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟರು.

"ಸಾವ್ಕಾರ್ರೇ, ಬೂಟು" ಎಂದರು ವನಜಮ್ಮ.

ಬೆಳ್ಯಪ್ಪನವರು ಬಗ್ಗಿ ನೋಡಿಕೊಂಡರು. "ಬೂಟಿಗೇನಾಗಿದೆ?"

"ಕೆಸರು. ಜೀಪಾಗಿದ್ರೆ ನಾನೇ ತೊಳ್ಕೊಳ್ತಿದ್ದೆ. ಇದು ನನ್ ಗಾಡಿ."

ಕೂಲಿಯವರ ಲೈನ್ಸಿನ ಜನ, ಹಾಜರಿಗೆ ನಿಂತವರು, ಎಲ್ಲರೂ ನೋಡುತ್ತಿದ್ದರು. ಬೆಳ್ಯಪ್ಪನವರು ವನಜಮ್ಮನನ್ನು ಒಮ್ಮೆ ನೋಡಿದರು, ಗಾಜಿನ ಮೇಲಿನ ಹೆಸರನ್ನು ಒಮ್ಮೆ ನೋಡಿದರು. ಅವರ ಮೀಸೆಯ ಕೆಳಗೆ ನಗು ಸುಳಿಯಿತು. ಗೇಟಿನ ಕಲ್ಲಿಗೆ ಎಡಬೂಟು ಕುಟ್ಟಿ ಕೊಡವಿದರು, ಬಲಬೂಟು ಕುಟ್ಟಿ ಕೊಡವಿದರು, ಮತ್ತೆ ಹುಲ್ಲಿಗೆ ಒರೆಸಿಕೊಂಡು, "ಸಾಕಾ?" ಎಂದರು.

"ಹಿಮ್ಮಡಿ ಇನ್ನೊಂಚೂರು" ಎಂದರು ವನಜಮ್ಮ, ಕನ್ನಡಿಯಲ್ಲಿ ನೋಡುತ್ತ.